ಹನ್ನೊಂದನೇ ಮೂಟೆ

ಒಂದು ಪರೀಕ್ಷೆ ಒಮ್ಮೆ ಫೇಲಾಗಿ ಇನ್ನೊಮ್ಮೆ ಪಾಸಾದರೆ, ಪಾಸಾದದ್ದನ್ನು ನಂಬಿಕೊಂಡು ಮನೆಗೆ ಹೋಗಬೇಡಿ. ಈ ಒಂದು ಮಾತು ಕಲಿಯಲು ನನಗೆ ಒಂಬತ್ತು ವರ್ಷ ಹಿಡಿಯಿತು. ಬೀಜ ಪರೀಕ್ಷೆಯ ಕೆಲಸಕ್ಕೆ ಈಗ ಸೇರುತ್ತಿರುವ ಮಕ್ಕಳಿಗೆ ಅರ್ಧ ಗಂಟೆಯಲ್ಲಿ ತಿಳಿಯಲಿ ಎಂದು ಬರೆಯುತ್ತಿದ್ದೇನೆ. ನನ್ನ ಬಡ್ತಿಗಳ ವಿಷಯ ಇದರಲ್ಲಿ ಬರುವುದಿಲ್ಲ. ಎರಡು ಸಿಕ್ಕವು, ಎರಡೂ ತಡವಾಗಿ ಸಿಕ್ಕವು. ಕಚೇರಿಯ ಹೆಸರನ್ನೂ ಬರೆಯುವುದಿಲ್ಲ. ಅಲ್ಲಿ ನನ್ನ ಜೊತೆ ಕೆಲಸ ಮಾಡಿದವರಲ್ಲಿ ಕೆಲವರು ಇನ್ನೂ ಗಟ್ಟಿಯಾಗಿದ್ದಾರೆ, ಜಗಳಕ್ಕೆ ಬರುತ್ತಾರೆ.

ಎಪ್ಪತ್ತರ ದಶಕದಲ್ಲಿ ಬಿಎಸ್ಸಿ ಮುಗಿಸಿ ಮಧುಗಿರಿಗೆ ಬಂದಾಗ ನಮ್ಮ ಪ್ರಯೋಗಾಲಯವೆಂದರೆ ಬೆಟ್ಟದ ಬುಡದಲ್ಲಿ ಎರಡು ಕೋಣೆ, ಹಿಂದೆ ಒಂದು ಗೋಡೌನು. ಸಿರಾ, ಕೊರಟಗೆರೆ, ಪಾವಗಡ, ಮಧುಗಿರಿ ನಾಲ್ಕೂ ತಾಲ್ಲೂಕಿನ ಬಿತ್ತನೆ ಕಡಲೇಕಾಯಿ ಆ ಗೋಡೌನಿಗೆ ಬಂದು ಬೀಳುತ್ತಿತ್ತು. ಬೀಜಕ್ಕೆಂದೇ ಬೆಳೆಯುವ ಒಂದೊಂದು ಮನೆಯಿಂದ ಬಂದ ಮೂಟೆಗಳೆಲ್ಲ ಸೇರಿ ಒಂದು ಲಾಟು. ಅದರಿಂದ ಒಂದಿಷ್ಟು ಕಾಯಿ ತೆಗೆದು, ಸುಲಿದು, ನಾನೂರು ಬೀಜ ಎಣಿಸಿ, ಒದ್ದೆ ಮರಳಿನ ತಟ್ಟೆಗಳಲ್ಲಿ ಊರಿ, ಹತ್ತನೇ ದಿನ ಎಷ್ಟು ಮೊಳೆತಿವೆ ಎಂದು ಎಣಿಸುವುದು ನನ್ನ ಕೆಲಸ. ನೂರಕ್ಕೆ ಎಪ್ಪತ್ತು ಎದ್ದರೆ ಲಾಟು ಪಾಸು, ಮೂಟೆಗಳು ರೈತರಿಗೆ ಹೋಗುತ್ತವೆ. ಇಲ್ಲವಾದರೆ ಗಾಣಕ್ಕೆ.

ನಮ್ಮತ್ತೆ ಒಂದು ದಿನ ಇದೆಲ್ಲ ಕೇಳಿಸಿಕೊಂಡು, "ಕಾಯಿ ಮೊಳೀತೋ ಇಲ್ವೋ ನೋಡಕ್ಕೆ ಬಿಎಸ್ಸಿ ಓದ್ಬೇಕೇನಮ್ಮ? ನಾನು ಮೊನ್ನೆ ಹೆಸರುಕಾಳು ನೆನೆಹಾಕಿದ್ದೆ, ಹಂಗಾದ್ರೆ ನಂಗೂ ಸಂಬಳ ಬರ್ಬೇಕಾಗಿತ್ತು" ಎಂದರು.

ಮೊದಲ ವರ್ಷದ ನನ್ನ ಘನಕಾರ್ಯವನ್ನೂ ಹೇಳಿಬಿಡುತ್ತೇನೆ, ಮುಂದೆ ನಾನು ಬುದ್ಧಿವಂತೆಯ ಹಾಗೆ ಕಂಡರೆ ನೀವು ನಂಬಬಾರದು. ಒಂದು ಭಾನುವಾರ ಕಿಟಕಿ ತೆರೆದಿಟ್ಟು ಹೋಗಿದ್ದೆ. ಬೆಟ್ಟದ ಕೋತಿಗಳು ಒಳಗೆ ಇಳಿದು, ಕೊರಟಗೆರೆಯ ಲಾಟಿನ ತಟ್ಟೆಗಳಿಂದ ನಾನೂರು ಬೀಜವನ್ನೂ ಹೆಕ್ಕಿ ತಿಂದು, ಮರಳನ್ನು ಮೊದಲಿನ ಹಾಗೇ ಸಮ ಮಾಡಿ ಹೋಗಿದ್ದವು. ಕೋತಿ ಮರಳು ಸಮ ಮಾಡುತ್ತದೆಯೇ ಎಂದು ಕೇಳಬೇಡಿ. ನಾನು ಹತ್ತನೇ ದಿನ ನೋಡಿ, ಬೀಜವೇ ಇಲ್ಲ ಎಂಬುದನ್ನೂ ಗಮನಿಸದೆ, "ಮೊಳಕೆ: ಸೊನ್ನೆ" ಎಂದು ಬರೆದೆ. ಆಗಿನ ಸಾಹೇಬರು ಅದಕ್ಕೆ ಸಹಿ ಹಾಕಿದರು. ಆ ಬೀಜದ ಯಜಮಾನ ಬಂದು ತಟ್ಟೆಗೆ ಕೈ ಹಾಕಿ ಕೆದಕಿದಾಗ ನಮ್ಮಿಬ್ಬರ ಮುಖ ನೋಡುವಂತಿತ್ತು.

ಒಂಬತ್ತು ವರ್ಷದಲ್ಲಿ ನಾಲ್ವರು ಸಾಹೇಬರು ಬಂದರು. ಮೂವರು ಬೇಗ ಬೇಗ ವರ್ಗ ಮಾಡಿಸಿಕೊಂಡು ಹೋದರು, ನಾಲ್ಕನೆಯವರು ಐದು ವರ್ಷ ಕದಲಲಿಲ್ಲ. ಅವರನ್ನು ನಾವು ಹಿಂದಿನಿಂದ 'ಇನ್ನೊಂದ್ಸಲ ಸಾಹೇಬರು' ಎಂದು ಕರೆಯುತ್ತಿದ್ದೆವು. ಲಾಟು ಫೇಲಾಯಿತು ಎಂದು ಹೇಳಿದ ಕೂಡಲೇ, ತಲೆ ಎತ್ತದೆ, "ಇನ್ನೊಂದ್ಸಲ ಹಾಕ್ರೀ" ಎನ್ನುವರು. ಎರಡನೇ ಸಲ ಪಾಸಾದರೆ ಮೊದಲನೆಯ ಹಾಳೆಯನ್ನು ಕೆಳಗೆ ಸೇರಿಸಿ ಎರಡನೆಯದಕ್ಕೆ ಸಹಿ. ಮೂರನೇ ಸಲ ಬೇಕಾದ ಲಾಟುಗಳೂ ಇದ್ದವು. ಲೆಕ್ಕ ಪರೀಕ್ಷೆಯಲ್ಲಿ ಫೇಲಾದ ಹುಡುಗ ಪಾಸಾಗುವ ತನಕ ಬರೆಯುತ್ತಾನಲ್ಲ, ಹಾಗೆ. ಆದರೆ ಆ ಹುಡುಗ ನಡುವೆ ಒಂದಿಷ್ಟು ಓದುತ್ತಾನೆ. ಕಡಲೇಕಾಯಿ ಏನೂ ಓದುತ್ತಿರಲಿಲ್ಲ. ಇದು ನನಗಾಗಲಿ ಅವರಿಗಾಗಲಿ ಹೊಳೆಯಲಿಲ್ಲ.

ಯಾವ ಮೂಟೆಯಿಂದ ಕಾಯಿ ತೆಗೆಯಬೇಕು ಎಂಬುದಕ್ಕೂ ಒಂದು ಕ್ರಮ ಬಂದಿತ್ತು. ಮುಂಚೆ ಬಾಗಿಲಿಗೆ ಹತ್ತಿರ ಇರುವ ಮೂಟೆಗೆ ಕೈ ಹಾಕುತ್ತಿದ್ದೆವು, ಅದು ಗೊತ್ತಿದ್ದವರು ಬಾಗಿಲ ಬಳಿ ಒಳ್ಳೆಯ ಮೂಟೆ ಇಡುತ್ತಿದ್ದರು. ಆಮೇಲೆ ಮೇಲಿನಿಂದ ಸುತ್ತೋಲೆ ಬಂತು: ಇಪ್ಪತ್ತು ಮೂಟೆ ಇದ್ದರೆ ಚೀಟಿ ಎತ್ತಿ ಐದನ್ನು ಆರಿಸಿ, ಐದರಿಂದಲೂ ಸಮನಾಗಿ ತೆಗೆದು ಬೆರೆಸಿ ಎಂದು. ನಮ್ಮ ಅಟೆಂಡರ್ ಖಾದರ್ ಸಾಬ್ ಸಿರಾದವರು, ದಿನಾ ಸಿರಾ ಬಸ್ಸಿನಲ್ಲಿ ಓಡಾಡುತ್ತಿದ್ದವರು. ಅವರ ಅಣ್ಣ ಪಾತ್ರೆ ಕೆಲಸ ಮಾಡುತ್ತಿದ್ದರು. ಕಾಗದದ ಚೀಟಿ ಹರಿದುಹೋಗುತ್ತದೆ ಎಂದು ಅಣ್ಣನಿಂದ ಒಂದರಿಂದ ಇಪ್ಪತ್ತರವರೆಗೆ ಅಂಕಿ ಹೊಡೆಸಿದ ಹಿತ್ತಾಳೆ ಬಿಲ್ಲೆಗಳನ್ನು ಮಾಡಿಸಿ ತಂದರು. ಅವು ಒಂದು ಬಿಸ್ಕತ್ ಡಬ್ಬದಲ್ಲಿ ಇರುತ್ತಿದ್ದವು. ಖಾದರ್ ಸಾಬ್ ಕಣ್ಣು ಮುಚ್ಚಿ, ಬಿಸ್ಮಿಲ್ಲಾ ಎಂದು, ಡಬ್ಬ ಕುಲುಕಿ ಐದು ಎತ್ತುವರು. ಆ ನಂಬರಿನ ಮೂಟೆಗಳಿಂದ ಕಾಯಿ ತಂದುಕೊಟ್ಟ ಮರುಕ್ಷಣ ಬಿಲ್ಲೆಗಳನ್ನು ಡಬ್ಬಕ್ಕೆ ಹಾಕಿ ಮುಚ್ಚಳ ಒತ್ತುವರು. ಡಬ್ಬ ಯಾವಾಗಲೂ ತುಂಬಿರಬೇಕು ಎಂಬುದು ಅವರ ಶಿಸ್ತು. ಯಾವ ಐದು ಮೂಟೆ ಎಂದು ಬರೆಯಲು ನಮ್ಮ ನಮೂನೆಯಲ್ಲಿ ಜಾಗವೇ ಇರಲಿಲ್ಲ. "ಐದು ಮೂಟೆಗಳಿಂದ ಮಾದರಿ ತೆಗೆಯಲಾಗಿದೆ" ಎಂದು ಅಚ್ಚಾಗಿಯೇ ಬಂದಿರುತ್ತಿತ್ತು. ಅಚ್ಚಾಗಿದ್ದ ಮೇಲೆ ನಾವೇಕೆ ತಲೆ ಕೆಡಿಸಿಕೊಳ್ಳಬೇಕು?

ಆ ಕಾಲದಲ್ಲೇ ಐ.ಡಿ.ಹಳ್ಳಿಯಿಂದ ರಂಗಪ್ಪ ಎಂಬುವರು ಬಂದರು. ಐವತ್ತು ದಾಟಿದವರು, ಮಾತು ಕಡಿಮೆ. ಪಂಚೆಯ ತುದಿಯಲ್ಲಿ ಕಟ್ಟಿಕೊಂಡು ಬಂದಿದ್ದ ಒಂದು ಹಿಡಿ ಬೀಜವನ್ನು ನನ್ನ ಮೇಜಿನ ಮೇಲೆ ಸುರಿದರು.

"ಮೂರು ಮೂಟೆ ತಗಂಡೋಗಿದ್ದೆ ತಾಯಿ. ಎರಡು ಸಂದಾಕ್ ಹುಟ್ಟವೆ. ಈ ಒಂದು ಮೂಟೆ ಊರಿದ್ ಕಡೆ ಮಾತ್ರ ಹೊಲ ಬೋಳು. ಹದಿನೈದ್ ದಿನ ಆತು, ಬೀಜ ಊರಿದಂಗೇ ಅದೆ."

ಅಂದು ನನಗೆ ಹತ್ತು ತಟ್ಟೆ ಎಣಿಸುವುದಿತ್ತು. ರಿಜಿಸ್ಟರು ತೆಗೆದು ನೋಡಿದೆ, ಲಾಟು ಪಾಸಾಗಿತ್ತು. ಮೊದಲ ಸಲ ಫೇಲಾಗಿ ಎರಡನೇ ಸಲ ಪಾಸಾಗಿತ್ತು, ಅದು ಬೇರೆ ವಿಷಯ. "ಬೀಜ ಪಾಸಾಗಿದೆ ರಂಗಪ್ಪನವರೇ. ಬೀಜದಲ್ಲಿ ಏನೂ ಇಲ್ಲ, ನಿಮ್ಮ ಕೈಗುಣ ಸರಿಯಿಲ್ಲ ಅಷ್ಟೆ" ಎಂದೆ. ಕೋಣೆಯಲ್ಲಿದ್ದವರು ನಕ್ಕರು. ನಾನೂ ನಕ್ಕೆ. ಅವರು ಬೀಜಗಳನ್ನು ಒಂದೊಂದಾಗಿ ಹೆಕ್ಕಿ ಮತ್ತೆ ಪಂಚೆಗೆ ಕಟ್ಟಿಕೊಂಡು ಹೋದರು. ಇದನ್ನು ನೆನಪಿಟ್ಟುಕೊಳ್ಳಿ. ನಾನು ಮರೆತೆ.

ಪಾವಗಡದ ಕಡೆಯ ವೈ.ಎನ್.ಹೊಸಕೋಟೆ ಹತ್ತಿರದ ಒಂದು ಹಳ್ಳಿಯಿಂದ ಹನುಮಕ್ಕ ಎಂಬಾಕೆಯ ಮನೆಯ ಲಾಟು ಪ್ರತಿವರ್ಷ ಬರುತ್ತಿತ್ತು. ಕುರಿ ಸಾಕಿಕೊಂಡಿದ್ದ ಮನೆ, ಕುರಿಗೊಬ್ಬರದ ಹೊಲ, ಕಾಯಿ ನೋಡಲು ಕಣ್ಣಿಗೆ ಹಬ್ಬ. ಯಾವಾಗಲೂ ಇಪ್ಪತ್ತು ಮೂಟೆ. ಈ ಲಾಟಿನದು ಒಂದು ಹುಚ್ಚಾಟ. ಒಂದು ವರ್ಷ ಮೊದಲ ಸಲವೇ ನೂರಕ್ಕೆ ಎಂಬತ್ತೈದು ಬರುವುದು, ಇನ್ನೊಂದು ವರ್ಷ ಅರವತ್ತೆಂಟು. ಇನ್ನೊಂದ್ಸಲ ಹಾಕಿದರೆ ಮತ್ತೆ ಎಂಬತ್ತೈದು. ಎಂಬತ್ತರ ದಶಕದ ಶುರುವಿನಲ್ಲಿ ಒಂದು ವರ್ಷ ಮೊದಲು ಫೇಲು, ಆಮೇಲೆ ಪಾಸು, ತನಿಖೆಗೆ ಬಂದ ಮೇಲಧಿಕಾರಿಗಳ ಎದುರಿಗೆ ಮೂರನೇ ಸಲ ಹಾಕಿದಾಗ ಮತ್ತೆ ಫೇಲು. ಅವರು ಊರಿಗೆ ಹೋದ ಮೇಲೆ ಕಾಗದ ಬಂತು: ಒಂದೇ ಲಾಟು ಹೀಗೆ ಯಾಕೆ ಆಡುತ್ತದೆ, ಒಂದೂವರೆ ತಿಂಗಳೊಳಗೆ ವಿವರಣೆ ಕೊಡಿ.

ಸಾಹೇಬರಿಗೆ ವಿವರಣೆ ಬೇಕಾಗಿರಲಿಲ್ಲ, ಒಬ್ಬ ಮನುಷ್ಯ ಬೇಕಾಗಿತ್ತು. ಕಾಯಿ ತೆಗೆಯುವವರು ಖಾದರ್ ಸಾಬ್ ಒಬ್ಬರೇ. ಯಾವುದೋ ಮಂಡಿಯವರ ಮಾತು ಕೇಳಿ ಮಾದರಿಗೆ ಹಳೇ ಕಾಯಿ ಬೆರೆಸುತ್ತಾರೆ, ಲಾಟು ಫೇಲಾದರೆ ಮಂಡಿಯವರಿಗೆ ಗಾಣದ ರೇಟಿಗೆ ಸಿಗುತ್ತದೆ ಎಂದು ಕಥೆ ಹುಟ್ಟಿತು. ಕಥೆಗೆ ಕಾಲಿಲ್ಲದಿದ್ದರೂ ಎರಡೇ ದಿನದಲ್ಲಿ ಕೊಡಿಗೇನಹಳ್ಳಿ ತನಕ ಹೋಗಿತ್ತು. ಅವರ ಸರ್ವೀಸು ಇನ್ನು ಎರಡೇ ವರ್ಷ ಉಳಿದಿತ್ತು.

ನಾನೇನು ಅವರಿಗಿಂತ ದೊಡ್ಡವಳೇ? ಒಂದು ಮಧ್ಯಾಹ್ನ ಬುತ್ತಿ ಬಿಚ್ಚಿಕೊಂಡು ಕೂತಿದ್ದವರನ್ನು ಕೇಳಿಯೇ ಬಿಟ್ಟೆ: "ಖಾದರ್ ಸಾಬ್, ನನ್ನ ಹತ್ರ ಮಾತ್ರ ನಿಜ ಹೇಳಿ. ಏನಾದ್ರೂ ಬೆರೆಸಿದ್ರಾ?"

ಅವರು ಬುತ್ತಿ ಮುಚ್ಚಿದರು. ಎದ್ದು ಹೋಗಿ ಬಿಲ್ಲೆಯ ಡಬ್ಬ ತಂದು ನನ್ನ ಮೇಜಿನ ಮೇಲೆ ಇಟ್ಟರು.

"ಇನ್ ಮ್ಯಾಲೆ ನೀವೇ ಎತ್ತಿ ಅಮ್ಮಾವ್ರೆ. ಸಾಯೇಬ್ರು ಅಂದಿದ್ದಕ್ಕೆ ನಂಗೆ ಏನೂ ಆಗ್ಲಿಲ್ಲ. ನೀವೂ ಅಂದ್ಬುಟ್ರಿ. ಕಳ್ಳ ಅನ್ನಿಸ್ಕೊಂಡು ನಾನು ಸಿರಾ ಬಸ್ ಹೆಂಗೆ ಹತ್ಲಿ? ಆ ಬಸ್ನಾಗೆ ಎಲ್ಲಾ ನಮ್ಮೋರೇ ಇರ್ತಾರೆ."

ನನಗೆ ನಾಚಿಕೆಯಾಯಿತು. ಆ ನಾಚಿಕೆಯಲ್ಲೇ ಡಬ್ಬ ಹಿಡಿದು, ಅದೇ ದಿನ ಮೂರು ಸಲ ಬೇರೆ ಬೇರೆಯಾಗಿ ಬಿಲ್ಲೆ ಎತ್ತಿ, ನಾನೇ ಕಾಯಿ ತಂದು, ಮೂರು ಪರೀಕ್ಷೆ ಹಾಕಿದೆ. ಒಂದಾದರೂ ಫೇಲಾಗಲಿ ದೇವರೇ ಎಂದು ಕೈ ಮುಗಿದೆ. ಹತ್ತನೇ ದಿನ ಮೂರೂ ಪಾಸು. ಎಂಬತ್ತಮೂರು, ಎಂಬತ್ತಾರು, ಎಂಬತ್ತೈದು. ಖಾದರ್ ಸಾಬ್ ಕೈ ಹಾಕದಿದ್ದರೆ ಪಾಸು ಎಂದಾಯಿತು. ಸಹಾಯ ಮಾಡಲು ಹೋಗಿ ನಾನು ಅವರ ಕುತ್ತಿಗೆಗೆ ಹಗ್ಗ ಹೊಸೆದುಕೊಟ್ಟಿದ್ದೆ. ಸಾಹೇಬರು ಮೆಮೋ ಟೈಪು ಮಾಡಿಸಲು ಕೊಟ್ಟರು.

"ಸಾರ್, ಇನ್ನೊಂದ್ಸಲ ಹಾಕ್ತೀನಿ" ಎಂದೆ.

"ಪಾಸಾದ್ಮೇಲೆ ಯಾಕ್ರೀ ಇನ್ನೊಂದ್ಸಲ?"

"ಫೇಲಾದಾಗ ಹಾಕ್ತೀವಲ್ಲ ಸಾರ್. ಪಾಸಾದಾಗ್ಲೂ ಹಾಕೋಣ."

ಐದು ವರ್ಷದಲ್ಲಿ ಮೊದಲ ಬಾರಿ ಅವರು ತಲೆ ಎತ್ತಿ ನನ್ನ ಮುಖ ನೋಡಿದರು. "ಹತ್ತೇ ದಿನ" ಎಂದರು.

ನಾಲ್ಕನೇ ಸಲದ್ದು ಅರವತ್ತೇಳಕ್ಕೆ ನಿಂತಿತು. ನನ್ನ ಸರ್ವೀಸಿನಲ್ಲಿ ಒಂದು ಲಾಟು ಫೇಲಾಗಿದ್ದಕ್ಕೆ ಕುಣಿಯುವಷ್ಟು ಖುಷಿಪಟ್ಟದ್ದು ಅದೊಂದೇ. ಆಮೇಲೆ ಕಿಟಕಿಯ ಕಡೆ ನೋಡಿದರೆ, ನಾನು ಎತ್ತಿದ ಐದು ಬಿಲ್ಲೆಗಳು ಹತ್ತು ದಿನದಿಂದ ಅಲ್ಲೇ ಬಿದ್ದಿದ್ದವು. ಖಾದರ್ ಸಾಬ್ ಆಗಿದ್ದರೆ ಆಗಲೇ ಡಬ್ಬಕ್ಕೆ ಹಾಕಿರುತ್ತಿದ್ದರು. ನಾನು ಸೋಮಾರಿ. ಮನೆಯಲ್ಲಿ ನಮ್ಮತ್ತೆ ದಿನಾ ಬೈಯುತ್ತಿದ್ದುದು ಇದೇ ಗುಣಕ್ಕೆ. ಮೂರು, ಎಂಟು, ಹನ್ನೊಂದು, ಹದಿನಾಲ್ಕು, ಹತ್ತೊಂಬತ್ತು.

ಇಷ್ಟು ವರ್ಷ ನಾವು ಪ್ರತಿ ಸಲವೂ ಹೊಸ ಐದು ಮೂಟೆ ಎತ್ತಿ "ಇನ್ನೊಂದ್ಸಲ" ಎನ್ನುತ್ತಿದ್ದೆವು. ಫೇಲಾದ ಅದೇ ಐದನ್ನು ಮತ್ತೆ ಹಾಕಿ ನೋಡಿರಲೇ ಇಲ್ಲ. ನೋಡಬೇಕೆಂದರೂ ಯಾವುವು ಎಂದು ಯಾರಿಗೂ ಗೊತ್ತಿರುತ್ತಿರಲಿಲ್ಲ. ಈ ಸಲ ಅವೇ ಐದರಿಂದ ಮತ್ತೆ ತೆಗೆದು ಬೆರೆಸಿ ಒಂದು ಪರೀಕ್ಷೆ, ಜೊತೆಗೆ ಐದರದೂ ಬೇರೆ ಬೇರೆಯಾಗಿ ಐದು ಪರೀಕ್ಷೆ ಹಾಕಿದೆ. ಬೆರೆಸಿದ್ದು ಮತ್ತೆ ಫೇಲಾಯಿತು. ಬಿಡಿಯಾಗಿ ಹಾಕಿದವುಗಳಲ್ಲಿ ನಾಲ್ಕು ಹಸಿರಾಗಿ ಎದ್ದು ನಿಂತವು. ಹನ್ನೊಂದನೇ ಮೂಟೆಯದು ಬರೀ ಮರಳು. ಕೋತಿಗಳ ನೆನಪಾಗಿ ಕೈಯಿಂದ ಕೆದಕಿ ನೋಡಿದೆ. ಬೀಜಗಳಿದ್ದವು, ಊರಿದ ಹಾಗೇ ಇದ್ದವು.

ಇಪ್ಪತ್ತರಲ್ಲಿ ಒಂದು ಮೂಟೆ ಸತ್ತದ್ದು. ಎತ್ತಿದ ಐದರಲ್ಲಿ ಅದು ಬಂದರೆ ಫೇಲು, ಬರದಿದ್ದರೆ ಪಾಸು. ಇಷ್ಟೇ. ಖಾದರ್ ಸಾಬರನ್ನು ಕರೆದುಕೊಂಡು ಗೋಡೌನಿಗೆ ಹೋಗಿ ಹನ್ನೊಂದನೇ ಮೂಟೆಯ ಬಾಯಿ ಬಿಚ್ಚಿದೆ. ಒಂದೇ ಗಾತ್ರದ ಕಾಯಿಗಳು, ಆರಿಸಿ ಹಾಕಿದ್ದು. ಅವರು ಬಗ್ಗಿ ಮೂಸಿದರು.

"ಲೋಬಾನ ಅಮ್ಮಾವ್ರೆ. ನಮ್ ದರ್ಗಾದಾಗೆ ಹಾಕ್ತಾರಲ್ಲ, ಅದೇ."

ನನ್ನ ಮೂಗಿಗೂ ಹತ್ತಿತು. ಸಾಂಬ್ರಾಣಿ. ಐದು ಮೂಟೆಯದು ಬೆರೆಸಿ ಸುಲಿದ ಮೇಲೆ ಈ ವಾಸನೆ ಯಾರಿಗೆ ತಿಳಿಯಬೇಕು? ಮರುದಿನ ಬೆಳಿಗ್ಗೆ ಇಬ್ಬರೂ ಪಾವಗಡದ ಬಸ್ಸು ಹತ್ತಿದೆವು.

ಹನುಮಕ್ಕ ಕುರಿರೊಪ್ಪದ ಬೇಲಿ ಕಟ್ಟುತ್ತಿದ್ದಳು. ಎತ್ತರದ ಹೆಂಗಸು, ಮಾತಿನಲ್ಲಿ ಅರ್ಧ ತೆಲುಗು. ಮೂಟೆಯ ವಿಷಯ ಎತ್ತುತ್ತಲೇ ಅವಳ ಮುಖ ಅರಳಿತು.

"ಅದಾ? ಅದು ಮೀಸ್ಲು ಕಣಮ್ಮ, ಮನೆದೇವ್ರುದು. ಮೊದಲ್ ಕಿತ್ತಿದ್ ಕಾಯ್ನೆಲ್ಲಾ ಕೈಯಾಗೇ ಆರಿಸಿ, ಒಲೆ ಮ್ಯಾಗ್ಳ ಅಟ್ಟದಾಗೆ ದೇವ್ರು ಮೂಲೆಗಿಕ್ತೀನಿ. ಪ್ರತಿ ಶನಿವಾರ ತೀರ್ಥ ಚಿಮುಕ್ಸಿ ಧೂಪ ಹಾಕ್ತೀನಿ. ಬಿತ್ನೆ ಕಾಯಿ ಕೊಡೋ ಟೈಮ್ಗೆ ಅದ್ನೂ ಒಂದ್ ಮೂಟೆ ಮಾಡಿ ಸೇರಿಸ್ತೀನಿ. ದೇವ್ರು ಕಾಯಿ ಇಲ್ದೆ ಬರೀ ಕಾಯಿ ಹೆಂಗಮ್ಮ ಕೊಡದು? ತಗಂಡೋದೋರು ಬಾಗುಂಡಾಲ, ಚೆಂದಾಗಿರ್ಬೇಕು."

ಆರು ತಿಂಗಳು ಒಲೆಯ ಶಾಖ, ಹೊಗೆ, ವಾರಕ್ಕೊಮ್ಮೆ ನೀರು. ಯಾವ ಬೀಜ ಬದುಕುತ್ತದೆ? ಬೀಜ ಸಾಯಲು ಇದಕ್ಕಿಂತ ಒಳ್ಳೆಯ ವ್ಯವಸ್ಥೆಯನ್ನು ನಮ್ಮ ಪ್ರಯೋಗಾಲಯದಲ್ಲೂ ಮಾಡಲು ಆಗುತ್ತಿರಲಿಲ್ಲ. ನಾನು ಬಿಎಸ್ಸಿಯ ಗತ್ತಿನಲ್ಲಿ, "ಅದು ಪೂರ್ತಿ ಸತ್ತುಹೋಗಿದೆ, ಮೊಳೆಯಲ್ಲ" ಎಂದೆ.

"ಸತ್ತದೆ ಅಂತೀಯಾ? ದೇವ್ರು ಕಾಯ್ನಾ?" ಅವಳು ಕೈಯಲ್ಲಿದ್ದ ಮುಳ್ಳುಕೊಂಬೆಯನ್ನು ನೆಲಕ್ಕೆ ಎಸೆದಳು. "ಹೋಗಮ್ಮ, ನಿನ್ ಪಾಸೂ ಬ್ಯಾಡ, ಫೇಲೂ ಬ್ಯಾಡ. ನನ್ ಇಪ್ಪತ್ ಮೂಟೆ ವಾಪಸ್ ಕಳ್ಸು."

ಆಗ ಖಾದರ್ ಸಾಬ್ ಮೆಲ್ಲಗೆ ಮುಂದೆ ಬಂದರು.

"ಅಕ್ಕಾ, ಆ ಕಾಯಿ ನೀವು ದೇವ್ರಿಗೆ ಕೊಟ್ರಿ ಅಲ್ವಾ?"

"ಕೊಟ್ಟೆ."

"ದೇವ್ರು ತಗಂಡ ಅಲ್ವಾ?"

"ತಗಳ್ದೆ ಏನು."

"ಮತ್ತೆ ದೇವ್ರು ತಿಂದಾದ್ಮೇಲೆ ಮೊಳ್ಕೆ ಎಲ್ಲಿಂದ ಬತ್ತದೆ? ಉಳ್ದಿರೋದು ಪರ್ಸಾದ. ನಮ್ಮಲ್ಲೂ ದರ್ಗಾಕ್ಕೆ ಕೊಟ್ಟಿದ್ದನ್ನ ಹಂಚ್ಕೊಂಡು ತಿಂತೀವಿ. ಹೊಲಕ್ಕೆ ಯಾರಾದ್ರೂ ಊರ್ತಾರಾ?"

ಹನುಮಕ್ಕ ಎಸೆದಿದ್ದ ಮುಳ್ಳುಕೊಂಬೆಯನ್ನು ಎತ್ತಿಕೊಂಡಳು. "ನಿಜಮೇ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಈ ಸಾಯ್ಬಣ್ಣಂಗೆ ಇರೋ ಬುದ್ಧಿ ನಿಂಗಿಲ್ವಲ್ಲಮ್ಮ" ಎಂದು ನಕ್ಕು, ಇಬ್ಬರಿಗೂ ಮಜ್ಜಿಗೆ ತಂದುಕೊಟ್ಟಳು. ಆ ಮೂಟೆಯನ್ನು ಹುರಿದು ಬೆಲ್ಲದ ಜೊತೆ ಊರಿಗೆಲ್ಲ ಹಂಚಿದಳಂತೆ. ನಮ್ಮ ಕಚೇರಿಗೂ ಒಂದು ಗಂಟು ಕಳಿಸಿದ್ದಳು. ಸಾಹೇಬರು ಎರಡು ಹಿಡಿ ತಿಂದು, "ಚೆನ್ನಾಗಿದೆ, ಇನ್ನೊಂದ್ಸಲ ಕೊಡ್ರೀ" ಎಂದರು.

ವಾಪಸು ಬರುವ ಬಸ್ಸಿನಲ್ಲಿ ನಾನು, "ಖಾದರ್ ಸಾಬ್, ನಿಮ್ಮನ್ನ ಹಾಗೆ ಕೇಳಬಾರದಿತ್ತು. ತಪ್ಪಾಯ್ತು" ಎಂದೆ. ಅವರು ಕಿಟಕಿಯ ಹೊರಗೆ ನೋಡುತ್ತಾ, "ಡಬ್ಬದಾಗೆ ಬಿಲ್ಲೆ ವಾಪಸ್ ಹಾಕಿದ್ರಾ?" ಎಂದರು. ಹಾಕಿರಲಿಲ್ಲ. ಮೆಮೋ ಹರಿದು ಹೋಗಲಿಲ್ಲ, ಸರ್ಕಾರದ ಕಾಗದ ಹರಿಯುವುದಿಲ್ಲ, ಕಡತಕ್ಕೆ ಸೇರಿ ಮಲಗಿತು. ನಮೂನೆಯಲ್ಲಿ ನಾನು ಸ್ಕೇಲು ಹಿಡಿದು ಪೆನ್ನಿನಲ್ಲಿ ಒಂದು ಕಾಲಂ ಎಳೆದೆ: "ಎತ್ತಿದ ಮೂಟೆಗಳ ನಂಬರುಗಳು". ಸಾಹೇಬರು ಅದನ್ನು ತಮ್ಮ ಸಲಹೆಯೆಂದು ಮೇಲಕ್ಕೆ ಬರೆದು ಕಳಿಸಿ ಶಹಬ್ಬಾಸ್ ಅನ್ನಿಸಿಕೊಂಡರು. ಖಾದರ್ ಸಾಬ್ ಎರಡು ವರ್ಷ ಕಳೆದು ಹಾರ ಹಾಕಿಸಿಕೊಂಡು ನಿವೃತ್ತರಾದರು, ಅದೇ ಸಿರಾ ಬಸ್ಸು ಹತ್ತಿದರು.

ಉಳಿದ ಹತ್ತೊಂಬತ್ತು ಮೂಟೆಯನ್ನು ನಾನು ಒಂದೊಂದಾಗಿ ಪರೀಕ್ಷೆಗೆ ಹಾಕಿದೆ. ತಟ್ಟೆ ಸಾಲದೆ ಮನೆಯಿಂದ ಅತ್ತೆಯ ಪರಾತಗಳನ್ನೂ ತಂದಿದ್ದೆ. ಎಲ್ಲವೂ ಎದ್ದವು. ಅವನ್ನು ಬಿಡುಗಡೆ ಮಾಡಲು ಹಳೇ ರಿಜಿಸ್ಟರು ತೆಗೆದಾಗ ಹನುಮಕ್ಕನ ಮನೆಯ ಹಿಂದಿನ ವರ್ಷಗಳ ಲಾಟುಗಳು ಕಣ್ಣಿಗೆ ಬಿದ್ದವು. ಫೇಲು, ಇನ್ನೊಂದ್ಸಲ, ಪಾಸು, ನನ್ನ ಅಕ್ಷರ. ಪಕ್ಕದಲ್ಲಿ ಬೀಜ ಒಯ್ದವರ ಹೆಸರು. ನಾಲ್ಕು ವರ್ಷ ಹಿಂದಿನ ಪುಟದಲ್ಲಿ ರಂಗಪ್ಪ, ಐ.ಡಿ.ಹಳ್ಳಿ, ಮೂರು ಮೂಟೆ.

ಈ ಸಲದ ಹತ್ತೊಂಬತ್ತರಲ್ಲೂ ಒಂದನ್ನು ಅವರ ಮಗ ಅದೇ ದಿನ ಬಂದು ಒಯ್ದಿದ್ದ. ಎರಡು ದಿನ ಹೋಗಲೋ ಬೇಡವೋ ಎಂದು ಒದ್ದಾಡಿದೆ. ಮೂರನೇ ದಿನ ರಿಜಿಸ್ಟರನ್ನೂ ಈ ಸಲ ಯಾವ ಮೂಟೆ ಯಾರಿಗೆ ಹೋಯಿತೆಂಬ ಪಟ್ಟಿಯನ್ನೂ ಚೀಲದಲ್ಲಿ ಹಾಕಿಕೊಂಡು ಐ.ಡಿ.ಹಳ್ಳಿಗೆ ಹೋದೆ. ಕಚೇರಿಯ ಪುಸ್ತಕ ಹೊರಗೆ ಒಯ್ಯುವುದು ಅಪರಾಧ, ನೀವು ಮಾಡಬೇಡಿ.

ಹದವಾದ ಮಳೆ ಬಂದಿತ್ತು, ಹೊಲದಲ್ಲಿ ಬಿತ್ತನೆ ಶುರುವಾಗಿತ್ತು. ಮಗ ನೇಗಿಲು ಹಿಡಿದಿದ್ದ, ಸೊಸೆ ಪುಟ್ಟಿ ಹಿಡಿದು ಸಾಲಿಗೆ ಬೀಜ ಬಿಡುತ್ತಿದ್ದಳು. ರಂಗಪ್ಪ ದೂರದಲ್ಲಿ ಬದುವಿನ ಮೇಲೆ ಕೂತಿದ್ದರು, ಪಕ್ಕದಲ್ಲಿ ಅವರ ಹೆಂಡತಿ.

"ನೀವು ಬಿತ್ತೋದಿಲ್ವಾ?" ಎಂದೆ, ಮಾತು ಶುರು ಮಾಡಲು.

"ಇಲ್ಲ ತಾಯಿ. ನನ್ ಕೈ ಆಗಕಿಲ್ಲ. ಆ ಒಂದ್ ವರ್ಸ ಹೊಲ ಬೋಳಾತಲ್ಲ, ಆವತ್ತಿಂದ ಬೀಜ ಮುಟ್ಟಿಸಲ್ಲ ಇವ್ರು. ಆಫೀಸ್ನೋರೇ ಅಂದ್ರಲ್ಲ, ಕೈಗುಣ ಅಂತ." ಅವರ ಮಾತಿನಲ್ಲಿ ಕೋಪವಿರಲಿಲ್ಲ. ಅಂದದ್ದು ನಾನೇ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ನಾನು ರಿಜಿಸ್ಟರು ತೆರೆದು ಎಲ್ಲವನ್ನೂ ಹೇಳಿದೆ. ಮೀಸಲು ಮೂಟೆ, ಬಿಲ್ಲೆ, ಇನ್ನೊಂದ್ಸಲ, ನನ್ನ ಸಹಿ. ಅವರು ಕೊನೆಯ ತನಕ ಕೇಳಿ, "ಇದ್ನ ಅವ್ರ್ ಮುಂದೆ ಒಂದ್ಸಲ ಹೇಳಿ ತಾಯಿ" ಎಂದು ಹೊಲದ ಕಡೆ ಕೈ ತೋರಿಸಿದರು. ಅವರ ಹೆಂಡತಿ ಎದ್ದುಹೋಗಿ ಮಗ ಸೊಸೆಯನ್ನು ಕರೆದರು. ನಾನು ಮೂವರ ಎದುರಿಗೂ ನಿಂತು ಮೊದಲಿನಿಂದ ಹೇಳಿದೆ. "ಬೀಜ ಕೆಟ್ಟಿತ್ತು. ಇವರ ಕೈ ಸರಿಯಾಗೇ ಇತ್ತು. ತಪ್ಪು ಹೇಳಿದವಳು ನಾನು" ಎಂದೆ. ಸೊಸೆ ಪುಟ್ಟಿಯನ್ನು ಮಾವನ ಮುಂದೆ ತಂದು ಇಟ್ಟಳು.

ರಂಗಪ್ಪ ಕೈಯನ್ನು ಪಂಚೆಗೆ ಒರೆಸಿಕೊಂಡು ಪುಟ್ಟಿ ಎತ್ತಿಕೊಂಡರು. ಸಾಲಿನ ತಲೆಗೆ ಹೋಗಿ ನಿಂತು, ಒಂದು ಹಿಡಿ ಬೀಜ ತೆಗೆದು, ಬಿಡದೆ ಹಾಗೇ ಹಿಡಿದುಕೊಂಡು ನನ್ನ ಕಡೆ ತಿರುಗಿದರು.

"ಇದು ಯಾವ್ ಮೂಟೇದು ತಾಯಿ?"

ಪಟ್ಟಿ ನೋಡಿ ಹೇಳಿದೆ. "ಏಳನೇದು. ಅದೊಂದನ್ನೇ ಬೇರೆ ಹಾಕಿ ನೋಡಿದ್ದೀನಿ. ನೂರಕ್ಕೆ ಎಂಬತ್ತಾರು."

ಆಗ ಬೀಜ ಬಿಟ್ಟರು.